ಕೊಟ್ಟಿಗೆಯ ಗಾಡಿಗೆ ರಸ್ತೆಯ ನಂಬರು

ಮತ್ತಿಗಿರಿ ದನಕರುಗಳ ಊರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1824ರಲ್ಲಿ ಆರಂಭವಾದ ಜಾನುವಾರು ಫಾರಂ ಇರುವುದು ಇಲ್ಲಿಯೇ. ಹಾಗಾಗಿ ನಮ್ಮ ಕಡೆ ಕೊಟ್ಟಿಗೆಗಳಿಗೆ ಬರವಿಲ್ಲ. ಡೆಂಕಣಿಕೋಟೆ ದಾರಿಯಲ್ಲಾಗಲಿ, ತಳಿಯ ಕಡೆಯಾಗಲಿ, ಕೆಲಮಂಗಲದ ಕಡೆಯಾಗಲಿ, ಹಳೆಯ ಮನೆಯೊಂದರ ಕೊಟ್ಟಿಗೆಗೆ ಹೋಗಿ ನೋಡಿ. ಹುಲ್ಲಿನ ಹೊರೆಯ ಹಿಂದೆ, ಗೋಣಿಚೀಲ ಹೊದ್ದುಕೊಂಡು ಒಂದು ಮೋಟಾರ್ ಸೈಕಲ್ ನಿಂತಿರುವುದುಂಟು. ಅದಕ್ಕೆ ಹೆಡ್‌ಲೈಟ್ ಇರುವುದಿಲ್ಲ. ಹಿಂದಿನ ಮಡ್‌ಗಾರ್ಡನ್ನು ಯಾರೋ ಅರ್ಧಕ್ಕೆ ಕತ್ತರಿಸಿರುತ್ತಾರೆ. ಸೈಲೆನ್ಸರನ್ನು ಮೇಲಕ್ಕೆ ಬಗ್ಗಿಸಿ ಬೆಸುಗೆ ಹಾಕಿರುತ್ತಾರೆ. ಟೈರಿಗೆ ದಪ್ಪ ಹಲ್ಲು. ನಂಬರ್ ಬೋರ್ಡು ಇದ್ದ ಜಾಗದಲ್ಲಿ ಎರಡು ತೂತು ಮಾತ್ರ.

ಇಂಥ ಒಂದು ಗಾಡಿ ನಮ್ಮ ಬೀದಿಯಲ್ಲೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ, 250 ಸಿ.ಸಿ. ಎಂಜಿನ್ನು. ಮನೆಯ ಯಜಮಾನರು ಮೈಸೂರಿನಲ್ಲಿ ಕೆಲಸದಲ್ಲಿದ್ದಾಗ 1979ರಲ್ಲಿ ಕೊಂಡದ್ದು. ಆಮೇಲೆ ಬೆಂಗಳೂರಿನ ಹೊರಗಿನ ಬಯಲುಗಳಲ್ಲಿ ಗೆಳೆಯರ ಜೊತೆ ಮಣ್ಣಿನ ಓಟಕ್ಕೆ, ಗುಡ್ಡ ಹತ್ತುವ ಆಟಕ್ಕೆ ಅದನ್ನು ಬಿಚ್ಚಿ ಹಗುರ ಮಾಡಿಕೊಂಡರು. ಅವರು ಈಗಿಲ್ಲ. ಮಗ ಬಂದು ನನ್ನನ್ನು ಕೇಳಿದ: "ಮಾವ, ಅಪ್ಪನ ಗಾಡೀನ ಮತ್ತೆ ರೋಡಿಗೆ ಇಳಿಸಬೇಕು. ಗ್ಯಾರೇಜಿನವರು ಎಂಜಿನ್ ಬಿಚ್ಚೋಕೆ ಅಡ್ವಾನ್ಸ್ ಕೇಳ್ತಾವ್ರೆ. ಕೊಟ್ಟುಬಿಡ್ಲಾ?"

"ಕೊಡಬೇಡಪ್ಪ" ಎಂದೆ. "ಎಂಜಿನ್ ಎಲ್ಲಿಗೂ ಓಡಿಹೋಗೋದಿಲ್ಲ. ಮೊದಲು ಆರ್.ಸಿ. ಪುಸ್ತಕ ಎಲ್ಲಿದೆ ಹುಡುಕು."

ಈ ಉತ್ತರ ಆ ಹುಡುಗನಿಗೆ ರುಚಿಸಲಿಲ್ಲ. ನಿಮಗೂ ರುಚಿಸಲಿಕ್ಕಿಲ್ಲ. ಆದರೆ ಇಂಥ ಗಾಡಿಗಳ ವಿಷಯದಲ್ಲಿ ಪಾನಾ ಹಿಡಿಯುವ ಮೊದಲು ಕಾಗದ ಹಿಡಿಯಬೇಕು. ಹಾಗೆ ಮಾಡದೆ ಸಾವಿರಾರು ರೂಪಾಯಿ ಸುರಿದು, ಕೊನೆಗೆ ರಿಪೇರಿಯಾದ ಗಾಡಿಯನ್ನು ಅದೇ ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಮೊದಲು ಈ ಜಾತಿಯ ಗಾಡಿಗಳ ಬಗ್ಗೆ ನಾಲ್ಕು ಮಾತು. ಬ್ರಿಟನ್ನಿನಲ್ಲಿ ಬೆಳೆದ 'ಟ್ರಯಲ್ಸ್' ಎಂಬ ಸ್ಪರ್ಧೆ ವೇಗದ್ದಲ್ಲ. ಬಂಡೆ, ತೊರೆ, ಕೆಸರು, ಏರು, ಇವುಗಳ ಮೇಲೆ ಕಾಲು ನೆಲಕ್ಕೆ ಊರದೆ ಗಾಡಿ ನಡೆಸಬೇಕು. ಒಮ್ಮೆ ಕಾಲು ಊರಿದರೆ ಒಂದು ದಂಡದ ಅಂಕ, ನಿಂತುಬಿಟ್ಟರೆ ಐದು. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸ್ 1909ರಿಂದ ನಡೆದು ಬಂದಿದೆ. ಅದನ್ನು 1952ರಲ್ಲೂ 1957ರಲ್ಲೂ ಜಾನಿ ಬ್ರಿಟನ್ ಎಂಬಾತ ಗೆದ್ದದ್ದು ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಮೇಲೆ. ಅದೇ ಬುಲೆಟ್ಟು 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿತು. ಸ್ಪೇನಿನ ಬುಲ್ಟಾಕೋ ಶೆರ್ಪಾ, ಮೊಂಟೆಸಾ ಕೋಟಾ ಮುಂತಾದವು 1960ರ ದಶಕದಲ್ಲಿ ಈ ಆಟಕ್ಕೆಂದೇ ಹುಟ್ಟಿದ ಗಾಡಿಗಳು: ಹಗುರ ಮೈ, ಪುಟ್ಟ ಟ್ಯಾಂಕು, ಹೆಸರಿಗೊಂದು ಸೀಟು. ನಮ್ಮಲ್ಲಿ ಅಂಥವು ಅಪರೂಪ. ನಮ್ಮ ಹುಡುಗರು ಮಾಡಿದ್ದು ಮನೆಯ ಗಾಡಿಯನ್ನೇ ಬಿಚ್ಚಿ ಅಂಥದ್ದೊಂದನ್ನು ತಯಾರಿಸಿಕೊಂಡದ್ದು. ಯೆಜ್ಡಿ ಸಿಕ್ಕವರು ಯೆಜ್ಡಿ, 1985ರ ನಂತರ ಯಮಹಾ ಆರ್‌ಎಕ್ಸ್ 100, ಇನ್ನು ನಮ್ಮ ಹೊಸೂರಿನಲ್ಲೇ ತಯಾರಾದ ಸುಜುಕಿ ಗಾಡಿಗಳು.

ಹೀಗಾಗಿ ನಿಮ್ಮ ಕೊಟ್ಟಿಗೆಯ ಗಾಡಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ಇದಕ್ಕೆ ಹಿಂದೆ ಎಂದಾದರೂ ನಂಬರು ಇತ್ತೇ, ಇರಲಿಲ್ಲವೇ?

ಇರಲೇ ಇಲ್ಲ ಎಂದಾದರೆ ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪರ್ಧೆಗೆಂದೇ ತಯಾರಾದ ಗಾಡಿ, ಹೊರದೇಶದಿಂದ ಬಿಡಿಭಾಗವಾಗಿ ಬಂದು ಇಲ್ಲಿ ಜೋಡಿಸಿಕೊಂಡ ಗಾಡಿ, ಇವಕ್ಕೆ ಇಂದು ಹೊಸದಾಗಿ ನಂಬರು ಸಿಗುವ ದಾರಿ ಮುಚ್ಚಿದೆ ಎಂದೇ ತಿಳಿಯಿರಿ. ಕಾರಣ ಸರಳ. ಹೊಸದಾಗಿ ನೋಂದಣಿಯಾಗುವ ಪ್ರತಿ ಗಾಡಿಯ ಮಾದರಿಯೂ ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು; ಮಾರಿದವರು ಫಾರಂ 21, ತಯಾರಿಸಿದವರು ಫಾರಂ 22 ಕೊಡಬೇಕು. ಮೇಲಾಗಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6ರ ಹೊಗೆಯ ಮಿತಿ ಜಾರಿಯಲ್ಲಿದೆ. ಪೆಟ್ರೋಲಿನ ಜೊತೆ ಎಣ್ಣೆ ಕುಡಿಯುವ ಹಳೆಯ ಟೂ ಸ್ಟ್ರೋಕ್ ಎಂಜಿನ್ನು ಅದರ ಹತ್ತಿರಕ್ಕೂ ಬರಲಾರದು. ಕವಾಸಾಕಿಯವರು ಇಲ್ಲಿ ಮಾರಿದ ಕೆಎಲ್‌ಎಕ್ಸ್ 110, 140ರಂಥ ಹೊಸ ಗಾಡಿಗಳೇ ರಸ್ತೆಗೆ ಬರುವಂತಿರಲಿಲ್ಲ. ಶೋರೂಮಿನಿಂದ ಟೆಂಪೋದಲ್ಲಿ ಹೋಗಿ ಬಯಲಿನಲ್ಲಿ ಇಳಿಯಬೇಕಾದ ಗಾಡಿಗಳು ಅವು.

ಬ್ರಿಟನ್ನಿನಲ್ಲಿ ಹೀಗಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ. ಅಲ್ಲಿ ಹಳೆಯ ಟ್ರಯಲ್ಸ್ ಗಾಡಿ ಯಾವ ವರ್ಷದ್ದೆಂದು ಮಾಲೀಕರ ಕ್ಲಬ್ಬೊಂದು ಪತ್ರ ಕೊಟ್ಟರೆ, ಆ ವಯಸ್ಸಿಗೆ ತಕ್ಕ ನಂಬರು ಸಿಗುತ್ತದೆ. ದೀಪವಿಲ್ಲದ ಗಾಡಿಯನ್ನು ಹಗಲು ಹೊತ್ತು ಮಾತ್ರ ಓಡಿಸುವ ಷರತ್ತಿನ ಮೇಲೆ ಪರೀಕ್ಷೆಯಲ್ಲಿ ಪಾಸು ಮಾಡುವುದೂ ಉಂಟು. ನಮ್ಮ ಕಾನೂನಿನಲ್ಲಿ ಹಗಲಿಗೊಂದು ರಾತ್ರಿಗೊಂದು ಗಾಡಿ ಇಲ್ಲ.

ಒಂದು ಕಿಟಕಿ ಮಾತ್ರ ತೆರೆದಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮುಂದಿನ ಮರುನೋಂದಣಿಗೆ 5,000. ಹಿಂದೆ ನಂಬರು ಇದ್ದ ಗಾಡಿ ಅದೇ ನಂಬರನ್ನು ಉಳಿಸಿಕೊಳ್ಳಬಹುದು. ಇಲ್ಲದ್ದಕ್ಕೆ 'ವಿಎ' ಅಕ್ಷರಗಳಿರುವ ಹೊಸ ಸಾಲಿನ ನಂಬರು. ಕೇಳಲು ಚೆನ್ನಾಗಿದೆ. ಆದರೆ ವಿಂಟೇಜ್ ನಂಬರಿನ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗಬೇಕೆನ್ನುವವರಿಗೆ ಇದು ಹೊಂದದು. ಮಡ್‌ಗಾರ್ಡು ಕತ್ತರಿಸಿ ಚಾಸಿಗೆ ಬೆಸುಗೆ ಹಾಕಿದ ಗಾಡಿ 'ಮೂಲ ರೂಪ' ಎಂಬ ಮಾತಿನ ಮುಂದೆ ನಿಲ್ಲುವುದೂ ಕಷ್ಟ.

ಈಗ ಒಳ್ಳೆಯ ಸುದ್ದಿಗೆ ಬರೋಣ. ನಮ್ಮ ಕಡೆಯ ಕೊಟ್ಟಿಗೆಯ ಗಾಡಿಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು. ಒಂದು ಕಾಲಕ್ಕೆ ನ್ಯಾಯವಾಗಿ ನಂಬರು ಪಡೆದು, ತೆರಿಗೆ ಕಟ್ಟಿ, ಆಮೇಲೆ ಕಾಡುಪಾಲಾದವು. ಹದಿನೈದು ವರ್ಷ ಆದ ಗಾಡಿ ಗುಜರಿಗೇ ಹೋಗಬೇಕು ಎಂದು ಅನೇಕರು ನಂಬಿದ್ದಾರೆ. ಅದು ದೆಹಲಿಯ ಸುದ್ದಿಯನ್ನು ಇಲ್ಲಿಗೆ ತಂದು ಮಾಡಿಕೊಂಡ ಗಾಬರಿ. ದೆಹಲಿ ಸುತ್ತಮುತ್ತ ಹಳೆಯ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿಯ, ಸುಪ್ರೀಂ ಕೋರ್ಟಿನ ಆದೇಶಗಳು ಬಂದದ್ದು ನಿಜ. ಅವು ಹೊಸೂರಿಗೆ ಅನ್ವಯಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 41ನೆಯ ಕಲಮಿನ ಪ್ರಕಾರ ಸ್ವಂತ ಬಳಕೆಯ ಗಾಡಿಯ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ಗಾಡಿ ಸುಸ್ಥಿತಿಯಲ್ಲಿದ್ದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತ ಹೋಗಬಹುದು.

ಹಾಗಾದರೆ ಗಾಡಿಯ ಗುರುತು ಯಾವುದು? ಎಂಜಿನ್ನೂ ಅಲ್ಲ, ಟ್ಯಾಂಕಿನ ಮೇಲಿನ ಹೆಸರೂ ಅಲ್ಲ. ಚಾಸಿಯ ಮೇಲೆ ಒತ್ತಿರುವ ನಂಬರು. ಸಾಮಾನ್ಯವಾಗಿ ಹ್ಯಾಂಡಲ್ಲಿನ ಕೆಳಗೆ, ಚಾಸಿಯ ತಲೆಯ ಕೊಳವೆಯ ಬಳಿ ಇರುತ್ತದೆ. ಸೀಮೆಎಣ್ಣೆಯ ಬಟ್ಟೆಯಿಂದ ನಿಧಾನವಾಗಿ ಒರೆಸಿ. ದಯವಿಟ್ಟು ಗ್ರೈಂಡರ್ ಹಿಡಿಯಬೇಡಿ, ಉಪ್ಪುಕಾಗದದಿಂದ ಉಜ್ಜಬೇಡಿ. ಪೇಂಟು ಹೋಗಲಿ ಎಂದು ಉಜ್ಜಿದವರು ನಂಬರನ್ನೇ ಉಜ್ಜಿ ಕಳೆದುಕೊಂಡದ್ದುಂಟು. ಅಂಕಿ ಅಳಿಸಿದ ಚಾಸಿ ಕಳ್ಳಮಾಲಿನಂತೆಯೇ ಕಾಣುತ್ತದೆ, ಅಪ್ಪ ಎಷ್ಟೇ ಪ್ರಾಮಾಣಿಕರಾಗಿದ್ದರೂ. ಒರೆಸಿದ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಎರಡು ಮೂರು ತೆಗೆದಿಡಿ, ಮುಂದೆ ಅರ್ಜಿಗೂ ಬೇಕು.

ಆರ್.ಸಿ. ಪುಸ್ತಕ ಸಿಕ್ಕರೆ ಅದೃಷ್ಟ. ಆ ಹುಡುಗನಿಗೆ ಅಜ್ಜಿಯ ಟ್ರಂಕಿನಲ್ಲಿ, ಜಾತಕಗಳ ಜೊತೆ ಸಿಕ್ಕಿತು. ಸಿಗದಿದ್ದರೂ ಎದೆಗುಂದಬೇಕಿಲ್ಲ. ಹಳೆಯ ಫೋಟೋ, ವಿಮೆಯ ಚೀಟಿ, ಸರ್ವಿಸ್ ಬಿಲ್ಲು, ಯಾವುದರಲ್ಲಾದರೂ ನಂಬರು ಸಿಕ್ಕೀತು. 1989ರ ಜುಲೈಯಲ್ಲಿ ಹೊಸ ಕಾಯ್ದೆ ಜಾರಿಗೆ ಬರುವ ಮೊದಲಿನ ಗಾಡಿಗಳಿಗೆ 'ಕೆಎ', 'ಟಿಎನ್' ಎಂಬ ಈಗಿನ ಗುರುತು ಇರಲಿಲ್ಲ. 'ಎಂವೈಬಿ', 'ಸಿಎಎ' ಹೀಗೆ ಮೂರಕ್ಷರ, ಆಮೇಲೆ ಅಂಕಿ. ಆ ನಂಬರು ಹಿಡಿದು ಕರ್ನಾಟಕದ ಮೂಲ ಆರ್.ಟಿ.ಓ. ಕಚೇರಿಯಲ್ಲಿ ಕೇಳಬೇಕಾದದ್ದು ಬಿ ರಿಜಿಸ್ಟರಿನ ನಕಲು. ಅಲ್ಲಿನವರು 'ಬಿ ಎಕ್ಸ್‌ಟ್ರಾಕ್ಟ್' ಎನ್ನುತ್ತಾರೆ. ಗಾಡಿ ಯಾರ ಹೆಸರಿನಲ್ಲಿದೆ, ಚಾಸಿ ಮತ್ತು ಎಂಜಿನ್ ನಂಬರೇನು, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ಸಾಲ ಏನಾದರೂ ಇದೆಯೇ, ಎಲ್ಲವೂ ಅದರಲ್ಲಿರುತ್ತದೆ. ಹಳೆಯ ಗಾಡಿಗಳ ವಿವರ ದಪ್ಪ ಲೆಡ್ಜರುಗಳಲ್ಲಿ ಉಳಿದು, ಈಗಿನ 'ವಾಹನ್' ಕಂಪ್ಯೂಟರಿಗೆ ಏರದೆ ಇರುವುದುಂಟು. ಆಗ 'ಬ್ಯಾಕ್‌ಲಾಗ್' ಎಂದು ಆ ಕಚೇರಿಯವರೇ ಏರಿಸಬೇಕು. ಇದಾಗದೆ ಮುಂದಿನ ಒಂದು ಹೆಜ್ಜೆಯೂ ಆಗದು. ಪುಸ್ತಕ ಕಳೆದಿದ್ದರೆ ಪೊಲೀಸರಲ್ಲಿ ದೂರು ಕೊಟ್ಟು, ಆ ರಸೀದಿಯೊಂದಿಗೆ ಫಾರಂ 26ರಲ್ಲಿ ನಕಲಿ ಪ್ರತಿ ಕೇಳಬೇಕು. ನಕಲಿ ಎಂದರೆ ಇಲ್ಲಿ ಡೂಪ್ಲಿಕೇಟು, ಹೆದರಬೇಡಿ.

ನಕಲು ಕೈಗೆ ಬಂದ ಮೇಲೆ ಚಾಸಿಯ ಅಚ್ಚನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. ಚಾಸಿ ನಂಬರು ಕೂಡಿಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಎಂಜಿನ್ ನಂಬರು ಮಾತ್ರ ಬೇರೆಯಾಗಿದ್ದರೆ, ಆಟದ ಗಾಡಿಗಳಲ್ಲಿ ಅದು ಸಾಮಾನ್ಯ, ಆ ಎಂಜಿನ್ನು ಎಲ್ಲಿಂದ ಬಂತು ಎಂಬುದಕ್ಕೆ ಬಿಲ್ಲು ಬೇಕು. ಬದಲಾವಣೆಯನ್ನು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು.

ಇನ್ನು ಹೆಸರಿನ ವಿಷಯ. ಗಡಿನಾಡಿನ ನಮಗೆ ಮಾತ್ರ ಇರುವ ತಲೆನೋವು ಇದು. ಕರ್ನಾಟಕದ ಹಳೆಯ ಪುಸ್ತಕದಲ್ಲಿ 'ತಿಮ್ಮರಾಯಪ್ಪ ಬಿನ್ ಮುನಿಯಪ್ಪ' ಎಂದಿರುತ್ತದೆ. ಅದೇ ಮನುಷ್ಯರು ಇಲ್ಲಿಯ ರೇಷನ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆಮುಂದಾಗಿ 'ಮು. ತಿಮ್ಮರಾಯಪ್ಪನ್' ಆಗಿರುತ್ತಾರೆ. ಆಧಾರಿನಲ್ಲಿ ಇಂಗ್ಲಿಷಿನ ಕಾಗುಣಿತ ಮೂರನೆಯದು. ಕಂಪ್ಯೂಟರಿಗೆ ಇವರು ಮೂವರು. ಅರ್ಜಿ ಹಾಕುವ ಮೊದಲೇ ನೋಟರಿಯವರ ಮುಂದೆ 'ಈ ಎಲ್ಲ ಹೆಸರೂ ಒಬ್ಬರದೇ' ಎಂಬ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕಿಟಕಿಯ ಮುಂದೆ ನಿಂತು ವಾದಿಸುವುದಕ್ಕಿಂತ ಅಗ್ಗ.

ಗಾಡಿಯ ಒಡೆಯರು ತೀರಿಕೊಂಡಿದ್ದರೆ ಫಾರಂ 31. ನಿಯಮದ ಪ್ರಕಾರ 30 ದಿನದೊಳಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಹೆಸರು ಬದಲಾಯಿಸಿಕೊಳ್ಳಬೇಕು. ಸಾವಿನ ಮನೆಯಲ್ಲಿ ಯಾರಿಗೆ ಇದರ ನೆನಪಿರುತ್ತದೆ? ತಡವಾದರೂ ಮಾಡಿಸಬಹುದು. ಮರಣಪತ್ರ, ತಹಸೀಲ್ದಾರರು ಕೊಡುವ ವಾರಸುದಾರರ ಪತ್ರ, ಉಳಿದ ವಾರಸುದಾರರ ಒಪ್ಪಿಗೆ, ಇವು ಬೇಕು. ನಮ್ಮ ಹುಡುಗನಿಗೆ ಆನೇಕಲ್ಲಿಗೆ ಕೊಟ್ಟ ಅಕ್ಕ ಒಬ್ಬಳಿದ್ದಳು. ಅವಳು ರುಜು ಹಾಕುವ ಮೊದಲು ಕೇಳಿದ್ದು ಒಂದೇ ಮಾತು: "ಟ್ಯಾಂಕಿನ ಬಣ್ಣ ಬದಲಾಯಿಸೋದಿಲ್ಲ ತಾನೆ?" ಪೊಲೀಸರ ಅಥವಾ ಬೇರೆ ಸರ್ಕಾರಿ ಹರಾಜಿನಲ್ಲಿ ಕೊಂಡ ಗಾಡಿಗೆ ಫಾರಂ 32, ಹರಾಜಿನ ಆದೇಶದ ಜೊತೆಗೆ. ಬದುಕಿರುವವರಿಂದ ಕೊಂಡದ್ದಕ್ಕೆ 29 ಮತ್ತು 30. ಇವು ಎಲ್ಲರಿಗೂ ಗೊತ್ತಿರುವವೇ.

ಈಗ ಗಡಿ ದಾಟುವ ಮಾತು. ಯಾವ ರಾಜ್ಯದಲ್ಲಿ ನೋಂದಣಿಯಾದರೂ ಗಾಡಿ ದೇಶದಲ್ಲೆಲ್ಲ ಓಡಬಹುದು. ಆದರೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರು ಪಡೆಯಬೇಕು ಎನ್ನುತ್ತದೆ 47ನೆಯ ಕಲಮು. ಅತ್ತಿಬೆಲೆಯ ಆಚೆ ಕೆಲಸ, ಜೂಜುವಾಡಿಯ ಈಚೆ ಮನೆ ಎಂದು ಬದುಕುವ ನಮಗೆ ಇದು ಎಷ್ಟು ಇಕ್ಕಟ್ಟೆಂದು ಹೇಳಬೇಕಿಲ್ಲ. ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಗಂತೂ ಸಂಶಯವೇ ಇಲ್ಲ. ಹೊಸೂರು ಕಚೇರಿಯ ಟಿಎನ್ 70, ಕೃಷ್ಣಗಿರಿಯ ಕಡೆಯವರಾದರೆ ಟಿಎನ್ 24, ಇವುಗಳಲ್ಲೊಂದು ಬೇಕೇ ಬೇಕು.

ಅದಕ್ಕೆ ಕರ್ನಾಟಕದ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಓ.ಸಿ. ತರಬೇಕು. ಅರ್ಜಿ ಫಾರಂ 28. ತೆರಿಗೆ ಬಾಕಿ ಇಲ್ಲ, ಗಾಡಿಯ ಮೇಲೆ ಕಳವಿನ ದೂರಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು. ಒಡೆಯರು ತೀರಿಕೊಂಡ ಗಾಡಿಯಾದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ ಎಂದೂ ಹೇಳಬಹುದು. ಅರ್ಜಿ ಕೊಟ್ಟು 30 ದಿನದೊಳಗೆ ಅವರು ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಎರಡೂ ಮಾಡದಿದ್ದರೆ ಕೊಟ್ಟಂತೆಯೇ ಎಂದು ಭಾವಿಸತಕ್ಕದ್ದು ಎಂದು 48ನೆಯ ಕಲಮಿನಲ್ಲಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಅರ್ಜಿಯ ಸ್ವೀಕೃತಿಯನ್ನು ಜೋಪಾನ ಮಾಡಿ. ಆದರೆ ಅದನ್ನೇ ನಂಬಿ ಕೂರಬೇಡಿ. 'ಎಂದು ಭಾವಿಸತಕ್ಕದ್ದು' ಎಂಬ ಭಾಷೆ ವಕೀಲರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪತ್ರ ಕೈಗೆ ಬರುವವರೆಗೆ ವಿಚಾರಿಸುತ್ತಲೇ ಇರಬೇಕು.

ಪತ್ರ ಬಂದ ಮೇಲೆ ಇಲ್ಲಿ ಹೊಸ ನಂಬರಿಗೆ ಫಾರಂ 27, ನವೀಕರಣಕ್ಕೆ ಫಾರಂ 25. ನವೀಕರಣದ ಅರ್ಜಿ, ಗಾಡಿ ಈಗ ಯಾವ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೆ. ಹಾಗಾಗಿ ಗಾಡಿಯನ್ನು ಹೊತ್ತುಕೊಂಡು ಮೈಸೂರಿಗೆ ಹೋಗಬೇಕಿಲ್ಲ. ತಮಿಳುನಾಡಿನ ಆಜೀವ ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತ ಬರುತ್ತದೆ, ಜೊತೆಗೆ 15 ವರ್ಷ ದಾಟಿದ್ದಕ್ಕೆ ಹಸಿರು ತೆರಿಗೆ. 2025ರ ಆಗಸ್ಟಿನಲ್ಲಿ ಬಂದ ತಿದ್ದುಪಡಿಯಂತೆ 20 ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನವೀಕರಣಕ್ಕೆ 2,000 ರೂಪಾಯಿ; ಹೊರದೇಶದಿಂದ ಬಂದದ್ದಕ್ಕೆ 20,000.

ಇಷ್ಟಾದರೆ ಹೇಗೋ ಹೊಂದಿಸಬಹುದು. ನಿಜವಾದ ಹೊಡೆತ ಬೇರೆಡೆ ಇದೆ. ನವೀಕರಣ ತಡವಾದ ಪ್ರತಿ ತಿಂಗಳಿಗೆ ಮೋಟಾರ್ ಸೈಕಲ್ಲಿಗೆ 300 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಕೇಂದ್ರದ ನಿಯಮದಲ್ಲಿದೆ. ಒಂದು ವರ್ಷಕ್ಕೆ 3,600. ಐದು ವರ್ಷಕ್ಕೆ 18,000. ಹತ್ತು ವರ್ಷವೆಂದರೆ ಗಾಡಿಯ ಬೆಲೆಯನ್ನೇ ಮುಟ್ಟೀತು. ಎಂಜಿನ್ ಮುಟ್ಟಬೇಡ ಎಂದು ನಾನು ಆ ಹುಡುಗನಿಗೆ ಹೇಳಿದ್ದು ಮುಖ್ಯವಾಗಿ ಇದಕ್ಕೇ. ಯಾವ ದಿನದಿಂದ ಲೆಕ್ಕ ಹಿಡಿಯುತ್ತಾರೆ, ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಕಚೇರಿಯಲ್ಲಿ ಕೇಳಿ, ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ಮನೆಯಲ್ಲಿ ಕೂತು ಯೋಚಿಸಿ. ಅಷ್ಟು ಹಣ ಅಪ್ಪನ ನೆನಪಿಗೆ ಕೊಡಬಲ್ಲೆ ಎನಿಸಿದರೆ ಮುಂದುವರಿಯಿರಿ. ಇಲ್ಲವೆಂದರೆ ಗಾಡಿಯನ್ನು ಒರೆಸಿ ಕೊಟ್ಟಿಗೆಯಲ್ಲೇ ಚೆನ್ನಾಗಿಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಸ್ವಂತ ತೋಟದ ಬೇಲಿಯೊಳಗೆ ಓಡಿಸಲು ನಂಬರು ಬೇಡ. ಆದರೆ ಬೇಲಿ ದಾಟಿದ ಬಂಡಿಜಾಡು ಕೂಡ, ಜನರಿಗೆ ಓಡಾಡುವ ಹಕ್ಕಿದ್ದರೆ, ಕಾನೂನಿನ ಕಣ್ಣಿಗೆ ಸಾರ್ವಜನಿಕ ಸ್ಥಳವೇ. 'ಕೆರೆ ಏರಿಯವರೆಗೆ ತಾನೆ' ಎಂದು ಹೊರಟವರು ಇದನ್ನು ಮರೆಯುತ್ತಾರೆ. ನಂಬರಿಲ್ಲದ, ವಿಮೆಯಿಲ್ಲದ ಗಾಡಿ ಯಾರಿಗಾದರೂ ತಗುಲಿದರೆ ಪರಿಹಾರದ ಹಣಕ್ಕೆ ನಿಮ್ಮ ಹೊಲಮನೆಯೇ ಹೊಣೆ.

ಕಾಗದ ಸರಿಹೋಯಿತು, ಹಣದ ಲೆಕ್ಕವೂ ತಿಳಿಯಿತು ಎನ್ನಿ. ಈಗ ಗ್ಯಾರೇಜಿನವರನ್ನು ಕರೆಯಿರಿ. ಅವರಿಗೆ ಹೇಳಬೇಕಾದದ್ದು, ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿ ಎಂದು. ಕಾಯ್ದೆಯ 52ನೆಯ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದಾಯಿತು. ಹಾಗೆಂದು ಮಣ್ಣಿನ ಗಾಡಿಯ ರೂಪವೇ ಅಪರಾಧ ಅಂತಲ್ಲ. 2019ರಲ್ಲಿ ರಾಯಲ್ ಎನ್‌ಫೀಲ್ಡ್‌ನವರು 'ಬುಲೆಟ್ ಟ್ರಯಲ್ಸ್' ಎಂಬ ಗಾಡಿ ತಂದಾಗ ಅದಕ್ಕೆ ಮೇಲೆದ್ದ ಸೈಲೆನ್ಸರೂ ಹಲ್ಲಿನ ಟೈರೂ ಇದ್ದವು, ನಂಬರೂ ಸಿಕ್ಕಿತು. ಮರುವರ್ಷ ಅದು ನಿಂತುಹೋಯಿತು, ಆ ಮಾತು ಬೇರೆ. ಕಾರ್ಖಾನೆ ಮಾಡಿ ಪಾಸು ಮಾಡಿಸಿದ್ದು ಒಂದು; ನಾವು ಬೆಸುಗೆ ಹಾಕಿದ್ದು ಇನ್ನೊಂದು.

ಹಾಗಾಗಿ ಕತ್ತರಿಸಿದ ಮಡ್‌ಗಾರ್ಡು ಹೋಗಿ ಪೂರ್ತಿಯದು ಬರಬೇಕು. ಯೆಜ್ಡಿಗೆ ಎರಡೂ ಬದಿಯ ಸೈಲೆನ್ಸರು. ಹೆಡ್‌ಲೈಟು, ಹಿಂದಿನ ಕೆಂಪು ದೀಪ, ಬ್ರೇಕು ಹಿಡಿದಾಗ ಉರಿಯುವ ದೀಪ, ಹಾರ್ನು, ಸ್ಪೀಡೋಮೀಟರು, ಕನ್ನಡಿ, ರಿಫ್ಲೆಕ್ಟರು. ಆಟದ ಗಾಡಿಗಳಲ್ಲಿ ಮೊದಲು ಬಿಚ್ಚಿ ಎಸೆದಿರುವುದು ಸೀರೆ ಗಾರ್ಡು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಮೆಟ್ಟು ಇರಬೇಕು ಎನ್ನುತ್ತದೆ 123ನೆಯ ನಿಯಮ. ಐಡಿಯಲ್ ಜಾವಾ 1996ರಲ್ಲೇ ಮುಚ್ಚಿದರೂ ಯೆಜ್ಡಿಯ ಸಾಮಾನು ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತದೆ. ಹೊಸ ತಗಡಿನ ಮಡ್‌ಗಾರ್ಡಿಗಿಂತ ಗುಜರಿಯ ಹಳೆಯದು ದಪ್ಪ ಎಂಬುದು ನನ್ನ ಅನುಭವ.

ಹೊಗೆಯ ವಿಷಯಕ್ಕೆ ಅಂಜಬೇಡಿ. 2000ದ ಮಾರ್ಚಿಗೆ ಮೊದಲು ತಯಾರಾದ ದ್ವಿಚಕ್ರಗಳಿಗೆ ಸಡಿಲ ಮಿತಿಯೇ ಇದೆ: ಇಂಗಾಲದ ಮೊನಾಕ್ಸೈಡು ಶೇಕಡ 4.5, ಹೈಡ್ರೋಕಾರ್ಬನ್ನು ಹತ್ತು ಲಕ್ಷಕ್ಕೆ 9,000 ಭಾಗ. ಪೆಟ್ರೋಲಿಗೆ ಅಳತೆಗಿಂತ ಹೆಚ್ಚು ಎಣ್ಣೆ ಸುರಿಯದೆ, ಸೈಲೆನ್ಸರಿನ ಒಳಗಿನ ಮಸಿ ಕೆರೆದು, ಕಾರ್ಬ್ಯುರೇಟರ್ ಸರಿಮಾಡಿದರೆ ಹಳೆಯ ಟೂ ಸ್ಟ್ರೋಕೂ ಪಾಸಾಗುತ್ತದೆ. ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ ಪರೀಕ್ಷೆ ಮಾಡಿಸಿ.

ನಂಬರ್ ಬೋರ್ಡಿನ ಬಗ್ಗೆ ಒಂದು ಮಾತು, ನೋವಾದರೂ ಹೇಳಬೇಕು. ಕನ್ನಡದ ಅಂಕಿಯಲ್ಲಿ ಬರೆಸಿದ ಬೋರ್ಡು ನೋಡಲು ಚಂದ. ಆದರೆ ಕೇಂದ್ರದ ನಿಯಮ ಇಂಗ್ಲಿಷ್ ಅಕ್ಷರವನ್ನೂ ಆ ಅಂಕಿಗಳನ್ನೂ ಮಾತ್ರ ಒಪ್ಪುತ್ತದೆ. ತಮಿಳಿಗೂ ಇದೇ ನಿಯಮ, ಅದೊಂದು ಸಮಾಧಾನ. ಕನ್ನಡವನ್ನು ಟ್ಯಾಂಕಿನ ಮೇಲೆ ಬರೆಸಿಕೊಳ್ಳಿ.

ತಪಾಸಣೆಯ ದಿನ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ. ನೋಂದಣಿ ಮುಗಿದ ಗಾಡಿ ನೋಂದಣಿಗಾಗಿಯೇ ಹೊರಟರೂ ರಸ್ತೆಯ ಮೇಲೆ ನೋಂದಣಿಯಿಲ್ಲದ ಗಾಡಿಯೇ. ಮೂರನೆಯವರ ವಿಮೆ ಮೊದಲೇ ಮಾಡಿಸಿ ಕಾಗದದ ಜೊತೆ ಇಟ್ಟಿರಿ. ನಾವು ಮತ್ತಿಗಿರಿ ಕೂಟ್ ರೋಡಿನಲ್ಲಿ ಒಂದು ಟೆಂಪೋ ಹಿಡಿದೆವು. ಬ್ರೇಕ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು. ಚಾಸಿ ನಂಬರನ್ನು ತಮ್ಮ ಕಾಗದದೊಂದಿಗೆ ಎರಡು ಸಲ ಓದಿಕೊಂಡರು, ದೀಪ ಹಾಕಿಸಿದರು, ಹಾರ್ನು ಒತ್ತಿಸಿದರು, ಸೀರೆ ಗಾರ್ಡನ್ನು ಕೈಯಿಂದ ಅಲ್ಲಾಡಿಸಿ ನೋಡಿದರು. ಸ್ಟಾರ್ಟ್ ಮಾಡಿ ಎಂದವರು ಬಗ್ಗಿ ಎರಡೂ ಬದಿ ಹುಡುಕಿ, "ಇದಕ್ಕೆ ಕಿಕ್ಕರ್ ಎಲ್ಲಿದೆ?" ಎಂದು ತಮಿಳಿನಲ್ಲಿ ಕೇಳಿದರು. ಹುಡುಗ ಗೇರಿನ ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ. ಜಾವಾ, ಯೆಜ್ಡಿಗಳಲ್ಲಿ ಗೇರೂ ಕಿಕ್ಕರೂ ಒಂದೇ ಕಡ್ಡಿ. ಎರಡನೆಯ ಒದೆತಕ್ಕೆ ಗಾಡಿ ಎದ್ದಿತು. ಪಕ್ಕದ ಸಾಲಿನಲ್ಲಿ ನಿಂತಿದ್ದ ಲಾರಿಯವರೊಬ್ಬರು ಸದ್ದು ಕೇಳಿ ಇಳಿದು ಬಂದರು.

ಗಾಡಿ ಮತ್ತೆ ಟೆಂಪೋದಲ್ಲೇ ವಾಪಸ್ಸು ಬಂತು. ಆರ್.ಸಿ. ಅಂಚೆಯಲ್ಲಿ ಬರುವವರೆಗೆ ಅದರ ಜಾಗ ಕೊಟ್ಟಿಗೆಯೇ. ಹುಡುಗ ಈ ಸಲ ಅದನ್ನು ಹುಲ್ಲಿನ ಹೊರೆಯ ಮುಂದೆ ನಿಲ್ಲಿಸಿದ್ದಾನೆ.